ಶಾಲೆಗಳ ಹಳೆಯ ಗುರಿ ರೈಫಲ್‌ಗಳನ್ನು ಗುಜರಿಗೆ ಹಾಕುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಒಂದು ಕಾಲದಲ್ಲಿ ಶಾಲಾ ಶೂಟಿಂಗ್ ತಂಡಗಳ ಮಕ್ಕಳು ಬೋರಲು ಮಲಗಿ ಗುರಿ ಕಲಿಯುತ್ತಿದ್ದ .22 (ನಳಿಗೆಯ ಒಳಅಗಲ ಸುಮಾರು 0.22 ಇಂಚಿನ) ರೈಫಲ್‌ಗಳು ಈಗ ಪುಣೆಯ ಕೆಲವು ಹಳೆಯ ವಿದ್ಯಾಸಂಸ್ಥೆಗಳ ಕಪಾಟುಗಳಲ್ಲಿ ತುಕ್ಕು ಹಿಡಿಯುತ್ತಿವೆ. ಲೈಸೆನ್ಸ್ ನವೀಕರಣದ ಓಡಾಟ, ಹೊಣೆ ಹೊರಬಲ್ಲ ಶಿಕ್ಷಕರ ಕೊರತೆ, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಎಂಬ ಅಳುಕು, ಇವೆಲ್ಲ ಸೇರಿ ಅವನ್ನು ಠಾಣೆಗೆ ಒಪ್ಪಿಸಿಬಿಡೋಣ ಎಂದು ಆಡಳಿತ ಮಂಡಳಿಗಳಿಗೆ ಅನ್ನಿಸುವುದು ಸಹಜವೇ ಆದರೂ, ಬಲ್ಲ ಆರ್ಮರರ್ (ಬಂದೂಕು ದುರಸ್ತಿಗಾರ) ಒಬ್ಬರಿಂದ ಒಮ್ಮೆಯೂ ಪರೀಕ್ಷೆ ಮಾಡಿಸದೆ ಹಾಗೆ ತೀರ್ಮಾನಿಸುವುದು ಸರಿಯಲ್ಲ. ಸೇನೆಯ ಶಸ್ತ್ರ ದುರಸ್ತಿ ಕೆಲಸದಲ್ಲಿ ದುಡಿದು ನಿವೃತ್ತನಾಗಿ ಖಡಕಿಯಲ್ಲಿ ನೆಲೆಸಿರುವ ನಾನು, ಇಂಥ ರೈಫಲ್‌ಗಳನ್ನು ಬಿಚ್ಚಿ ಜೋಡಿಸಿದ ಅನುಭವದಿಂದಲೇ ಇದನ್ನು ಬರೆಯುತ್ತಿದ್ದೇನೆ. ಎನ್‌ಸಿಸಿಯ ರೈಫಲ್‌ಗಳು ಸರ್ಕಾರದ ಸ್ವತ್ತು, ಅವುಗಳ ಲೆಕ್ಕ ಬೇರೆ. ನನ್ನ ಮಾತು ಸಂಸ್ಥೆಗಳ ಸ್ವಂತ ಲೈಸೆನ್ಸಿನ ಮೇಲಿರುವವುಗಳ ಬಗ್ಗೆ.

ಇವುಗಳಲ್ಲಿ ಬಿಎಸ್‌ಎ ಮಾರ್ಟಿನಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಕ್ಷಿಣ ಆಫ್ರಿಕದ ಬೋಅರ್ ಯುದ್ಧದಲ್ಲಿ ತಮ್ಮವರ ಗುರಿಗಾರಿಕೆ ಸಾಲದೆಂದು ಮನಗಂಡ ಬ್ರಿಟಿಷರು 1901ರಿಂದೀಚೆಗೆ ಸಾಮಾನ್ಯ ಜನರಿಗಾಗಿ ಸಣ್ಣ ಬೋರಿನ ರೈಫಲ್ ಕ್ಲಬ್‌ಗಳನ್ನು ಕಟ್ಟತೊಡಗಿದಾಗ, ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ ಕಾರ್ಖಾನೆ ಸೇನೆಯ ಹಳೆಯ ಮಾರ್ಟಿನಿ ರಚನೆಯನ್ನೇ ಚಿಕ್ಕದು ಮಾಡಿ ಗುರಿ ರೈಫಲ್‌ಗಳನ್ನು ತಯಾರಿಸಿತು. ಮಾಡೆಲ್ 12, ಆಮೇಲೆ 12/15, 1950ರ ಸುಮಾರಿಗೆ ಇಂಟರ್‌ನ್ಯಾಷನಲ್ ಎಂದು ಆ ವಂಶ ಬೆಳೆಯಿತು. ಇದಕ್ಕೆ ಬೋಲ್ಟೂ ಇಲ್ಲ, ಮ್ಯಾಗಜೀನೂ ಇಲ್ಲ. ಟ್ರಿಗರಿನ ಹಿಂದಿರುವ ಲಿವರನ್ನು ಕೆಳಗೆ ತಳ್ಳಿದರೆ ನಳಿಗೆಯ ಹಿಂಬದಿ ಮುಚ್ಚುವ ಬ್ರೀಚ್ ಬ್ಲಾಕಿನ ಮುಂಭಾಗ ಇಳಿದು ಖಾಲಿ ಕೇಸು ಹೊರಬೀಳುತ್ತದೆ, ಒಂದು ತೋಟಾ ಇಟ್ಟು ಲಿವರ್ ಮೇಲೆತ್ತಿದರೆ ಮತ್ತೆ ಸಿದ್ಧ. ಟ್ರಿಗರ್ ಎಳೆದದ್ದಕ್ಕೂ ಪಿನ್ನು ಬಡಿಯುವುದಕ್ಕೂ ನಡುವಿನ ಸಮಯ ತೀರ ಕಡಿಮೆಯಾದ್ದರಿಂದ, ಕೈ ಇನ್ನೂ ಪಳಗದ ಹುಡುಗನ ನಡುಕವೂ ಗುಂಡಿಗೆ ಅಷ್ಟಾಗಿ ತಟ್ಟುವುದಿಲ್ಲ. ಇನ್ನೂ ದೊಡ್ಡ ಗುಣವೆಂದರೆ, ಲಿವರ್ ಇಳಿದಿರುವ ರೈಫಲ್ ಸಿಡಿಯಲಾರದು, ಮತ್ತು ಅದು ಇಳಿದಿದೆಯೋ ಇಲ್ಲವೋ ಎಂಬುದು ಸಾಲಿನ ಹಿಂದೆ ನಿಂತ ಶಿಕ್ಷಕರಿಗೆ ದೂರದಿಂದಲೇ ಕಾಣುತ್ತದೆ.

ಹಳೆಯದು ಎಂದ ಮಾತ್ರಕ್ಕೆ ನಳಿಗೆ ಸವೆದಿದೆಯೆಂದು ತಿಳಿಯಬಾರದು. .22ರ ಗುಂಡು 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ, ತಾಮ್ರದ ಕವಚವಿಲ್ಲದ ಮೆದು ಸೀಸ. ಅದು ನಳಿಗೆಯನ್ನು ಬೇಗ ತಿನ್ನುವುದಿಲ್ಲ. ತಿನ್ನುವುದು ಪುಣೆಯ ಮಳೆಗಾಲದ ತೇವ, ಮತ್ತು ಬಾಯಿಯ ಕಡೆಯಿಂದ ಉಕ್ಕಿನ ಸರಳು ತುರುಕಿ ಒರಸುವ ಅಭ್ಯಾಸ. ಈಚೆಗೆ ಒಂದು ಸಂಸ್ಥೆಯವರು ‘ಉಪಯೋಗಕ್ಕಿಲ್ಲ’ ಎಂದು ಪಟ್ಟಿ ಮಾಡಿಟ್ಟಿದ್ದ ಮಾರ್ಟಿನಿಯೊಂದನ್ನು ನೋಡಿದೆ. ಕೆನ್ನೆ ತಾಗುವ ಕಡೆ ಆಕ್ರೋಟಿನ ಮರ ತಲೆಮಾರುಗಳ ಮಕ್ಕಳ ಚರ್ಮ ಉಜ್ಜಿ ನುಣುಪಾಗಿ ಕಪ್ಪಿಟ್ಟಿತ್ತು, ಮೇಲೆಲ್ಲ ತೆಳು ತುಕ್ಕು. ಎಣ್ಣೆಯಲ್ಲಿ ಅದ್ದಿದ ಬಟ್ಟೆ ಎರಡು ಸಲ ಆಡಿಸಿ ಬೆಳಕಿಗೆ ಹಿಡಿದರೆ ಗುಂಡನ್ನು ತಿರುಗಿಸುವ ಒಳಗಿನ ಗೀರುಗಳು ಮೊದಲಿನಿಂದ ಕೊನೆಯವರೆಗೆ ಚೂಪಾಗಿ ನಿಂತಿದ್ದವು! ಇಲ್ಲದಿದ್ದದ್ದು ಮುಂದಿನ ಸೈಟಿನೊಳಗೆ ಕೂರುವ ಸಣ್ಣ ಲೋಹದ ಉಂಗುರ ಒಂದೇ. ಲೇತಿನ ಮೇಲೆ ಮಾಡಿಸಬಹುದಾದ ಆ ಒಂದು ಚೂರಿಗಾಗಿ ಇಡೀ ರೈಫಲ್ ಗುಜರಿಯ ಪಟ್ಟಿ ಸೇರಿತ್ತು.

ಏರ್ ರೈಫಲ್ ಇರುವಾಗ ಇವು ಏಕೆ ಎಂದು ಕೇಳುವವರಿದ್ದಾರೆ. ನಿಗದಿತ ಶಕ್ತಿಮಿತಿಯೊಳಗಿನ ಏರ್ ರೈಫಲಿಗೆ ಲೈಸೆನ್ಸ್ ಬೇಡ, 10 ಮೀಟರ್ ಜಾಗ ಸಾಕು. ಎಳೆಯರು ಅದರಿಂದಲೇ ಆರಂಭಿಸಲಿ. ಆದರೆ 50 ಮೀಟರಿನಲ್ಲಿ, 10.4 ಮಿಲಿಮೀಟರ್ ಅಗಲದ, ಕಡಲೆಕಾಳಿನಷ್ಟೇ ಇರುವ ಹತ್ತು ಅಂಕದ ವೃತ್ತಕ್ಕೆ ಗುಂಡು ಮುಟ್ಟಿಸಲು ಗಾಳಿಯನ್ನು ಓದಬೇಕು, ಆ ವಿದ್ಯೆ ಮುಚ್ಚಿದ ಕೋಣೆಯಲ್ಲಿ ಬರುವುದಿಲ್ಲ. ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದದ್ದು ಬೋರಲು ಮಲಗಿ ಹೊಡೆಯುವ 50 ಮೀಟರ್ ಪ್ರೋನ್‌ನಲ್ಲಿ. ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಮಂಡಿಯೂರಿ, ಮಲಗಿ, ನಿಂತು ಹೊಡೆಯುವ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ, ಅದೂ ನಮ್ಮ ಪುಣೆಯಲ್ಲಿ ಅಭ್ಯಾಸ ಮಾಡಿ. ಆ ಮಟ್ಟದ ಹೊಸ ರೈಫಲ್ ವಿದೇಶದಿಂದ ತರಿಸಲು ಲಕ್ಷಗಟ್ಟಲೆ ಬೇಕು. ಯಾವ ಸಾಮಾನ್ಯ ಮನೆಯವರು, ಮಗುವಿಗೆ ಆ ಒಲವು ಇದೆಯೋ ಇಲ್ಲವೋ ತಿಳಿಯುವ ಮೊದಲೇ ಅಷ್ಟು ಖರ್ಚು ಮಾಡಿಯಾರು? ಒಲವನ್ನು ಪರೀಕ್ಷಿಸಿ ನೋಡುವ ಆ ಮೊದಲ ವರ್ಷಕ್ಕೆ ಸುಸ್ಥಿತಿಯ ಹಳೆಯ ಮಾರ್ಟಿನಿ ಧಾರಾಳವಾಗಿ ಸಾಕು.

ಆದ್ದರಿಂದ, ಒಪ್ಪಿಸುವ ಕಾಗದಕ್ಕೆ ಸಹಿ ಹಾಕುವ ಮುನ್ನ ನಳಿಗೆ, ಫೈರಿಂಗ್ ಪಿನ್, ಟ್ರಿಗರ್, ತೋಟಾ ಕೂರುವ ಚೇಂಬರಿನ ಅಂಚು ಇವಿಷ್ಟನ್ನಾದರೂ ಪರೀಕ್ಷಿಸಿ ಬರವಣಿಗೆಯಲ್ಲಿ ವರದಿ ಪಡೆಯಬೇಕೆಂದೂ, ಗಟ್ಟಿಯಾಗಿರುವವನ್ನು ಕಾನೂನಿನ ಪ್ರಕಾರ ರೈಫಲ್ ಅಸೋಸಿಯೇಷನ್‌ಗಳಿಗೆ ವರ್ಗಾಯಿಸಿ ಶಾಲಾ ಮಕ್ಕಳು ರೇಂಜಿನಲ್ಲೇ, ತರಬೇತುದಾರರ ಕಣ್ಣೆದುರಿಗೇ ಬಳಸುವಂತೆ ಮಾಡಬೇಕೆಂದೂ ಕೋರುತ್ತೇನೆ. ಕೆಟ್ಟುಹೋದವನ್ನು ವಿಧಿವತ್ತಾಗಿ ನಿಷ್ಕ್ರಿಯಗೊಳಿಸಿ ತಂಡಗಳ ಹಳೆಯ ಫೋಟೋಗಳ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಡಬಹುದು. ಇಲ್ಲಿನ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಅವರು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಲಿ. ಪತ್ರಿಕೆಯ ಮೂಲಕ ತಿಳಿಸಿದರೆ, ಅಗತ್ಯ ಅನುಮತಿಯೊಂದಿಗೆ ಬಂದು ಪರೀಕ್ಷಿಸಿ ಕೊಡಲು ನಾನು ಸಿದ್ಧನಿದ್ದೇನೆ. ಅದಕ್ಕೆ ಶುಲ್ಕ ಬೇಡ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಆರ್ಮರರ್
ಖಡಕಿ, ಪುಣೆ