ಮಗಳಿಗೊಂದು ಪತ್ರ: ಅಗೆಯದೇ ಆಳ ಅಳೆಯೋದು

ಪ್ರೀತಿಯ ಸುಮಾ,

"ಭೂಕಂಪ ಐದು ಕಿಲೋಮೀಟರ್ ಆಳದಾಗ ಆಯ್ತು ಅಂತಾರಲ್ಲವ್ವ, ಅಗೆದು ನೋಡಿದವರು ಯಾರು?" ಅಂತ ಕೇಳಿದೆಯಲ್ಲ. ಅಷ್ಟರಲ್ಲಿ ನಿನ್ನ ಹಾಸ್ಟೆಲ್ ಫೋನಿನ ಹೊತ್ತು ಮುಗಿದಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಪೆನ್ನು ಹಿಡಿದುಕೊಂಡೇ ಓದು.

1993ರ ಸೆಪ್ಟೆಂಬರ್ 30. ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮೊದಲು. ನಾನಾಗ ಏಳನೇ ಕ್ಲಾಸು. ಗಣಪತಿ ಕಳಿಸಿ ಬಂದು ಕಲಬುರಗಿ ಮನೆಯಲ್ಲಿ ಮಲಗಿದ್ದೆವು. ಮೊದಲು ಗೂಡಿನಲ್ಲಿದ್ದ ತಾಟುಗಳು ಸಣ್ಣಗೆ ಗಲಗಲ ಅಂದವು. "ಬೆಕ್ಕು ಬಂತೇನ ನೋಡು" ಅಂದಳು ನನ್ನವ್ವ. ಎದ್ದು ಕೂತೆ. ಆಮೇಲೆ ಮಂಚವೇ ತೂಗಿತು.

ಆ ನಡುವಿನ ಹೊತ್ತಿನಲ್ಲೇ ಲೆಕ್ಕ ಇದೆ. ಭೂಕಂಪದಿಂದ ಎರಡು ಅಲೆ ಒಟ್ಟಿಗೇ ಹೊರಡುತ್ತವೆ. ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿಮೀ ಓಡುತ್ತದೆ, ಎಸ್ ಅಲೆ 3.5. ದೂರ ಹೋದಷ್ಟೂ ಎಸ್ ಹಿಂದೆ ಬೀಳುತ್ತದೆ. ಒಂದು ಸೆಕೆಂಡ್ ಹಿಂದೆ ಬಿದ್ದರೆ ದೂರ 8.4 ಕಿಮೀ. ಅವತ್ತು ಭೂಕಂಪ ಆದದ್ದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ, ಅದು ನಮಗೆ ಸುಮಾರು 85 ಕಿಮೀ. ತಾಟು ಅಲುಗಿಸಿದ್ದು ಪಿ, ಮಂಚ ತೂಗಿದ್ದು ಎಸ್. ಅಂದರೆ ತಾಟಿಗೂ ಮಂಚಕ್ಕೂ ನಡುವೆ ಹತ್ತು ಸೆಕೆಂಡ್!

ಈಗ ಆಳ. ನೆಲದ ನಡುಕ ಬರೆದುಕೊಳ್ಳುವ ಯಂತ್ರಗಳು ಹಲವು ಕಡೆ ಇರುತ್ತವೆ. ಅವು ಕೊಟ್ಟ ದೂರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಭೂಕಂಪ ಯಾವ ಊರಿನ ಕೆಳಗೆ ಆಯಿತು ಅಂತ ತಿಳಿಯುತ್ತದೆ. ಆ ಊರಿಂದ 12 ಕಿಮೀ ದೂರದಲ್ಲಿ ಒಂದು ಯಂತ್ರ ಇದೆ ಅಂದುಕೋ. ಅದರಲ್ಲಿ ಅಲೆಗಳ ಅಂತರ 1.55 ಸೆಕೆಂಡ್. 8.4ರಿಂದ ಗುಣಿಸಿದರೆ 13 ಕಿಮೀ. ಒಂದು ಜಾಸ್ತಿ ಯಾಕೆ ಬಂತು? ಅಲೆ ಕೆಳಗಿನಿಂದ ಓರೆಯಾಗಿ ಬಂದಿದೆ. ನಿನ್ನ ಪೈಥಾಗೊರಸ್ ಇಲ್ಲೇ ಬೇಕು. ವಿಕರ್ಣ 13, ಪಾದ 12. 169ರಲ್ಲಿ 144 ಕಳೆದರೆ 25. ಆಳ 5 ಕಿಮೀ.

ಇದನ್ನೇ ನಮ್ಮ ಮಂಚಕ್ಕೆ ಹಚ್ಚಿ ನೋಡು. ಆಳ 5 ಇದ್ದರೆ ವಿಕರ್ಣ 85.15, ಹತ್ತಿದ್ದರೆ 85.59. ಅಂತರ ಅರ್ಧ ಕಿಮೀ ಕೂಡ ಇಲ್ಲ. ದೂರದ ಯಂತ್ರಕ್ಕೆ ಆಳ ಸುಲಭವಾಗಿ ಸಿಗೋದಿಲ್ಲ. ಸುದ್ದಿಯಲ್ಲಿ ಪದೇ ಪದೇ "10 ಕಿಮೀ ಆಳ" ಅಂತ ಬರುತ್ತದಲ್ವಾ? ಹತ್ತಿರ ಯಂತ್ರ ಇಲ್ಲದಾಗ ಎಷ್ಟೋ ಸಲ ಹಾಗೇ ಇಟ್ಟುಕೊಳ್ಳುವ ಅಂಕಿ ಅದು.

ಕಿಲ್ಲಾರಿಯಲ್ಲಿ ನೆಲಕ್ಕೆ ತೀರಾ ಹತ್ತಿರದಲ್ಲೇ ಬಿರಿದಿತ್ತು. ಮೇಲೆ ಕಲ್ಲು ಮಣ್ಣಿನ ಗೋಡೆ, ಭಾರದ ಮಾಳಿಗೆ. ಮಲಗಿದ್ದವರು ಏಳಲೇ ಇಲ್ಲ. ಸುಮಾರು 10,000 ಜನ. ಅವರಿಗೆ ನಮ್ಮ ಹತ್ತು ಸೆಕೆಂಡ್ ಸಿಗಲಿಲ್ಲ ಅನ್ನೋದು ಇವತ್ತಿಗೂ ನೆನಪಾಗುತ್ತದೆ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದವರು ನೆಲದ ಸದ್ದಿಗೆ ಹೆದರಿ ಮನೆ ಹೊರಗೇ ಮಲಗಿದಾಗ ನನಗೂ ನಿದ್ದೆ ಬಂದಿರಲಿಲ್ಲ.

8.4 ಎಲ್ಲಿಂದ ಬಂತು ಅಂತ ನಾನು ಹೇಳಿಲ್ಲ. 6 ಮತ್ತು 3.5 ಇಟ್ಟುಕೊಂಡು ನೀನೇ ತೆಗೆ. ಭಾನುವಾರ ಫೋನ್ ಮಾಡಿದಾಗ ಹೇಳು.

ನಿನ್ನ ಅವ್ವ