ತ್ರೈಮಾಸಿಕ ವರದಿಯಲ್ಲಿ ಇನ್ನು ಪಾಲಿಪ್ ಅಲ್ಲ, ಅಡಿನೋಮ ಎಣಿಕೆ

ಎಂಡೋಸ್ಕೋಪಿ ವಿಭಾಗದ ಮುಖ್ಯಸ್ಥರಿಗೆ, ಸಿಬ್ಬಂದಿಗೆ ನಮಸ್ಕಾರ.

ನಮ್ಮ ತಂತ್ರಾಂಶ ಈವರೆಗೆ ಪ್ರತಿ ವೈದ್ಯರ ಹೆಸರಿನ ಮುಂದೆ ಕೊಲೊನೋಸ್ಕೋಪಿಯಲ್ಲಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ತಪಾಸಣೆ) ಪಾಲಿಪ್, ಅಂದರೆ ಕರುಳಿನ ಒಳಗೋಡೆಯ ಗಂಟು, ಪತ್ತೆಯಾದ ಪ್ರಮಾಣವನ್ನು ತೋರಿಸುತ್ತಿತ್ತು. ಮುಂದಿನ ತ್ರೈಮಾಸಿಕದಿಂದ ಆ ಜಾಗದಲ್ಲಿ ಅಡಿನೋಮ (ಮುಂದೆ ಕ್ಯಾನ್ಸರ್ ಆಗಬಲ್ಲ ಬಗೆಯ ಪಾಲಿಪ್) ಪತ್ತೆ ಪ್ರಮಾಣ, ಅಂದರೆ ಎಡಿಆರ್ ಇರುತ್ತದೆ. ಅಂಕಿ ತಟ್ಟನೆ ಇಳಿದಂತೆ ಕಾಣುತ್ತದೆ. ಬದಲಾಗಿದ್ದು ಅಳತೆ, ಕೈಕೆಲಸವಲ್ಲ.

ಹಳೆಯ ಲೆಕ್ಕದಲ್ಲಿ ಗುದನಾಳದ ಪುಟ್ಟ ಹೈಪರ್‌ಪ್ಲಾಸ್ಟಿಕ್ (ಸಾಮಾನ್ಯವಾಗಿ ನಿರಪಾಯಕಾರಿ) ಪಾಲಿಪ್ ತೆಗೆದರೂ ಪ್ರಮಾಣ ಏರುತ್ತಿತ್ತು. ರೋಗಿಗೆ ಅದರಿಂದ ಹೆಚ್ಚೇನೂ ಲಾಭವಿಲ್ಲ. ಎಡಿಆರ್ ಹಾಗಲ್ಲ. 2014ರಲ್ಲಿ ಕಾರ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ವೈದ್ಯರ ಎಡಿಆರ್ ಶೇಕಡಾ ಒಂದು ಅಂಶ ಹೆಚ್ಚಿದ್ದಲ್ಲಿ ಮಧ್ಯಂತರ ಕ್ಯಾನ್ಸರಿನ (ತಪಾಸಣೆಯಲ್ಲಿ ಕಾಣದೆ, ಮುಂದಿನ ತಪಾಸಣೆಗೆ ಮೊದಲೇ ಕಾಣಿಸಿಕೊಳ್ಳುವ ಕ್ಯಾನ್ಸರ್) ಅಪಾಯ ಶೇ 3ರಷ್ಟು ಕಡಿಮೆಯಿತ್ತು.

ಎಡಿಆರ್ ಲೆಕ್ಕದ ಛೇದದಲ್ಲಿ 45 ವರ್ಷ ಮೇಲ್ಪಟ್ಟವರ ಸ್ಕ್ರೀನಿಂಗ್ (ಲಕ್ಷಣವಿಲ್ಲದವರ ತಪಾಸಣೆ), ಸರ್ವೇಲೆನ್ಸ್ (ಹಿಂದೆ ಪಾಲಿಪ್ ಇದ್ದಂಥವರ ಮರುತಪಾಸಣೆ), ಡಯಾಗ್ನೋಸ್ಟಿಕ್ (ಲಕ್ಷಣಗಳ ಕಾರಣ ಹುಡುಕುವ) ಕೊಲೊನೋಸ್ಕೋಪಿಗಳು. ಮಲಪರೀಕ್ಷೆ ಪಾಸಿಟಿವ್ ಆಗಿ ಬಂದವರು, ಐಬಿಡಿ (ಕರುಳಿನ ದೀರ್ಘಕಾಲದ ಉರಿಯೂತ ರೋಗ) ಇರುವವರು, ಮೊದಲೇ ಗೊತ್ತಿದ್ದ ಪಾಲಿಪ್ ತೆಗೆಸಿಕೊಳ್ಳಲು ಬಂದವರು ಹೊರಗೆ. ಅಂಶದಲ್ಲಿ ಪೆಥಾಲಜಿ ಖಚಿತಪಡಿಸಿದ ಒಂದಾದರೂ ಅಡಿನೋಮ ಇರುವವರು. ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ಸಂಘಗಳ 2024ರ ಗುರಿ ಒಟ್ಟಾರೆ ಶೇ 35. ಪುರುಷರಲ್ಲಿ 40, ಮಹಿಳೆಯರಲ್ಲಿ 30. ಸೆಸೈಲ್ ಸೆರೇಟೆಡ್ ಲೀಷನ್‌ಗಳು (ಕ್ಯಾನ್ಸರ್ ಆಗಬಲ್ಲ ಮತ್ತೊಂದು ಬಗೆಯ ಚಪ್ಪಟೆ ಪಾಲಿಪ್) ಎಡಿಆರ್‌ಗೆ ಸೇರುವುದಿಲ್ಲ, ಅವುಗಳಿಗೆ ಪ್ರತ್ಯೇಕ ಸಾಲು (ಗುರಿ ಶೇ 6).

ಲೆಕ್ಕ ಕೆಡುವುದು ಹೆಚ್ಚಾಗಿ, ತೆಗೆದ ಪಾಲಿಪನ್ನು ಪೆಥಾಲಜಿಗೆ ಕಳಿಸುವ ಬಾಟಲಿಯ ಚೀಟಿಯಲ್ಲಿ. ಚೀಟಿಯ ಸಂಖ್ಯೆ ನಮ್ಮ ದಾಖಲೆಯ ಸಂಖ್ಯೆಗೆ ಹೊಂದದಿದ್ದರೆ ಪೆಥಾಲಜಿ ವರದಿ ಬಂದರೂ ಸೇರಿಕೊಳ್ಳದು. ಅಂಥ ಪ್ರಕರಣವನ್ನು ಸೊನ್ನೆ ಎಂದು ಎಣಿಸದೆ ‘ಬಾಕಿ’ ಎಂದು ತೋರಿಸುತ್ತೇವೆ. ಮೂರು ಕಡೆಯ ಪಾಲಿಪ್‌ಗಳನ್ನು ಒಂದೇ ಬಾಟಲಿಗೆ ಹಾಕಬೇಡಿ: ಯಾವುದು ಅಡಿನೋಮ, ಎಷ್ಟು ಎಂಬುದು ಆಮೇಲೆ ತಿಳಿಯುವುದಿಲ್ಲ. ಈ ಎಣಿಕೆ ಬೇಕೇ ಬೇಕು. ಒಂದು ಸಿಕ್ಕಿತೆಂದು ಹುಡುಕಾಟ ಸಡಿಲಿಸಿದರೂ ಎಡಿಆರ್ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಬಯಲುಮಾಡುವುದು ಪ್ರತಿ ಕೊಲೊನೋಸ್ಕೋಪಿಗೆ ಸಿಕ್ಕ ಅಡಿನೋಮಗಳ ಸರಾಸರಿ. ಅದನ್ನೂ ಪಕ್ಕದಲ್ಲೇ ಕೊಡುತ್ತೇವೆ.

ತಪಾಸಣೆಯ ಕಾರಣವನ್ನು ಸ್ಕೋಪ್ ಒಳಹೋಗುವ ಮುಂಚೆಯೇ ನಮೂದಿಸಿ. ನಂತರ ಆ ಕಾಲಂ ಬೀಗ ಬೀಳುತ್ತದೆ. ಏನು ಸಿಕ್ಕಿತೆಂದು ನೋಡಿ ಕಾರಣ ತಿದ್ದಿದರೆ ಛೇದವೇ ಸುಳ್ಳಾಗುತ್ತದೆ.

ಸ್ಕೋಪ್ ಹೊರತೆಗೆಯುವ ಸಮಯವನ್ನು ಸೀಕಂ (ದೊಡ್ಡ ಕರುಳಿನ ಆರಂಭದ ತುದಿ) ಫೋಟೋದಿಂದ ಅಳೆಯುತ್ತೇವೆ, ಬಯಾಪ್ಸಿಯಾಗಲಿ ಪಾಲಿಪ್ ತೆಗೆಯುವುದಾಗಲಿ ಇಲ್ಲದ ಪ್ರಕರಣಗಳಲ್ಲಿ ಮಾತ್ರ. ಸರಾಸರಿ 8 ನಿಮಿಷಕ್ಕಿಂತ ಕಡಿಮೆಯಿದ್ದರೆ ಸಾಲು ಹಳದಿಯಾಗುತ್ತದೆ. ಹಾಗಾದರೆ ಮೊದಲು ಸ್ಕೋಪ್ ಯಂತ್ರದ (ಪ್ರೊಸೆಸರ್) ಗಡಿಯಾರ ಸರಿಯಿದೆಯೇ ನೋಡಿಕೊಳ್ಳಿ.

100ಕ್ಕಿಂತ ಕಡಿಮೆ ಪ್ರಕರಣಗಳಿರುವ ವೈದ್ಯರನ್ನು ಹೋಲಿಕೆ ಪಟ್ಟಿಯಲ್ಲಿ ಇಡುವುದಿಲ್ಲ. 100ರಲ್ಲಿ 25 ಬಂದರೂ ಶೇ 95ರ ವಿಶ್ವಾಸಾಂತರ (ನಿಜವಾದ ಪ್ರಮಾಣ ಇರಬಹುದಾದ ವ್ಯಾಪ್ತಿ) ಸುಮಾರು 18ರಿಂದ 34ರವರೆಗೆ ಹರಡಿರುತ್ತದೆ. ಅಷ್ಟು ಅಗಲದ ಅಂಕಿ ಹಿಡಿದು ಯಾರನ್ನೂ ತರಾಟೆಗೆ ತೆಗೆದುಕೊಳ್ಳುವಂತಿಲ್ಲ.

ಹಳೆಯ ಪಾಲಿಪ್ ಅಂಕಿಗಳು ಸಂಗ್ರಹದಲ್ಲಿ ಹಾಗೇ ಇರುತ್ತವೆ. ಹೊಸ ಗ್ರಾಫಿಗೆ ಅವನ್ನು ಜೋಡಿಸಿಲ್ಲ.

ಇಂತಿ,
ವರದಿ ತಂತ್ರಾಂಶ ತಂಡ