ಗೇಮ್ ಕನ್ಸೋಲ್: ಬೆಳಕೂ ಸಂಪರ್ಕವೂ ಯಂತ್ರದೊಳಗೇ ಇರಲಿ

ಮಾನ್ಯ ಸಂಪಾದಕರೆ,

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ಗಳ ಬಗ್ಗೆ ತಂತ್ರಜ್ಞಾನ ಪುಟಗಳಲ್ಲಿ ಈಚೆಗೆ ಮೇಲಿಂದ ಮೇಲೆ ಬರಹಗಳು ಬರುತ್ತಿವೆ. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂಬ ವಿವರಗಳು ಅವುಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ಯಂತ್ರವನ್ನು ಕೊಂಡು ಮನೆಗೆ ತಂದವರಿಗೆ ದಿನವೂ ಎದುರಾಗುವ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವುದು ಅಪರೂಪ. ಹಗಲು ಬೆಳಕಿನಲ್ಲಿ ಪರದೆ ಕಾಣುತ್ತದೆಯೇ ಎಂಬುದು ಒಂದು. ವೈರ್‌ಲೆಸ್ ಹೆಡ್‌ಫೋನನ್ನೋ ಪಕ್ಕದವರ ಕನ್ಸೋಲನ್ನೋ ಬೇರೆ ಯಾವ ಬಿಡಿ ಸಾಧನವೂ ಇಲ್ಲದೆ ಜೋಡಿಸಬಹುದೇ ಎಂಬುದು ಇನ್ನೊಂದು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಯಂತ್ರಗಳನ್ನು ಬಳಸುತ್ತಿರುವ ನಾನು ಈ ಎರಡರ ಬಗ್ಗೆ ಕೆಲವು ಮಾತು ಬರೆಯಬಯಸುತ್ತೇನೆ.

2001ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಅಡ್ವಾನ್ಸ್ ಅನ್ನು ಅದೇ ವರ್ಷದ ಕೊನೆಯಲ್ಲಿ ನನ್ನ ಚಿಕ್ಕಪ್ಪ ಸಿಂಗಪುರದಿಂದ ತಂದುಕೊಟ್ಟಿದ್ದರು. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವ ಸಂಜೆ ಬಸ್ಸಿನಲ್ಲಿ ತುಮಕೂರು ದಾಟುವವರೆಗೆ ಅದು ಸೊಗಸಾದ ಆಟಿಕೆಯಾಗಿರುತ್ತಿತ್ತು. ಹೊತ್ತು ಮುಳುಗಿದ ಮೇಲೆ, ಎದುರಿನಿಂದ ಬರುವ ಲಾರಿಯ ದೀಪ ಕಿಟಕಿಯ ಮೇಲೆ ಹಾದುಹೋಗುವ ಒಂದೆರಡು ಕ್ಷಣ ಮಾತ್ರ ಆಟದ ಚಿತ್ರ ಕಂಡು ಮತ್ತೆ ಕಪ್ಪಾಗುತ್ತಿತ್ತು. ಆ ಕ್ಷಣಗಳಲ್ಲೇ ಎರಡು ಹೆಜ್ಜೆ ನಡೆಸಿ, ಆಟ ತಡೆಹಿಡಿಯುವ ಗುಂಡಿ ಒತ್ತಿ, ಮುಂದಿನ ಲಾರಿಗಾಗಿ ಕಾಯುತ್ತಿದ್ದೆ.

ಅದು ನನ್ನೊಬ್ಬನ ಯಂತ್ರದ ದೋಷವಾಗಿರಲಿಲ್ಲ. 2.9 ಇಂಚಿನ ಆ ಪರದೆಗೆ ಸ್ವಂತ ಬೆಳಕೇ ಇರಲಿಲ್ಲ. ಹೊರಗಿನ ಬೆಳಕು ಪರದೆಯೊಳಗೆ ಹೋಗಿ, ಹಿಂದಿನ ಪ್ರತಿಫಲಕಕ್ಕೆ ತಾಗಿ, ಬಂದ ದಾರಿಯಲ್ಲೇ ಹೊರಬರಬೇಕಿತ್ತು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವ ಧ್ರುವೀಕರಣದ ಹಾಳೆ ಅರ್ಧಕ್ಕೂ ಹೆಚ್ಚು ಬೆಳಕನ್ನು ನುಂಗುತ್ತದೆ. ಬಣ್ಣದ ಶೋಧಕಗಳು ಉಳಿದುದರಲ್ಲಿ ಬಹುಪಾಲನ್ನು ಕಸಿದುಕೊಳ್ಳುತ್ತವೆ. ಬ್ಯಾಟರಿ ಬಾಳಿಕೆಯನ್ನೂ ಬೆಲೆಯನ್ನೂ ನೋಡಿ ಕಂಪನಿ ಹೀಗೆ ಮಾಡಿತ್ತು, ಮತ್ತು ಆ ಲೆಕ್ಕದಲ್ಲಿ ಹುರುಳೂ ಇತ್ತು. ಎರಡು ಎಎ ಸೆಲ್ಲುಗಳಲ್ಲಿ ಅದು ಸುಮಾರು 15 ಗಂಟೆ ನಡೆಯುತ್ತಿತ್ತು. 1990ರಲ್ಲಿ ಬಂದ ಸೇಗಾ ಕಂಪನಿಯ ಗೇಮ್ ಗಿಯರ್‌ನ ಬಣ್ಣದ ಪರದೆ ತನ್ನದೇ ಬೆಳಕಿನಲ್ಲಿ ಹೊಳೆಯುತ್ತಿದ್ದರೂ ಆರು ಸೆಲ್ಲುಗಳನ್ನು ಮೂರರಿಂದ ಐದು ಗಂಟೆಗಳಲ್ಲಿ ಖಾಲಿ ಮಾಡುತ್ತಿತ್ತು.

ಕಂಪನಿ ಕೊಡದ ಬೆಳಕನ್ನು ಬಿಡಿ ಸಾಧನಗಳ ವ್ಯಾಪಾರಿಗಳು ಮಾರತೊಡಗಿದರು. ಎರೆಹುಳುವಿನಂತೆ ಬಾಗುವ ಕುತ್ತಿಗೆಯ ಪುಟ್ಟ ದೀಪ ಬಂತು. 2002ರಲ್ಲಿ, ಯಂತ್ರವನ್ನೇ ಬಿಚ್ಚಿ ಪರದೆಯ ಮುಂದೆ ಬೆಳಕಿನ ಹಾಳೆ ಕೂರಿಸಿ ತಂತಿಯನ್ನು ಬೆಸುಗೆ ಹಾಕಬೇಕಾದ ಆಫ್ಟರ್‌ಬರ್ನರ್ ಎಂಬ ಕಿಟ್ ಬಂತು. ಬಾಗುವ ದೀಪವನ್ನು ಸಿಕ್ಕಿಸುತ್ತಿದ್ದದ್ದು, ಇನ್ನೊಂದು ಯಂತ್ರದೊಡನೆ ಆಡಲು ಲಿಂಕ್ ಕೇಬಲ್ ಜೋಡಿಸುವ ಪೋರ್ಟಿಗೇ. ನನ್ನ ಚಿಕ್ಕಪ್ಪನ ಮಗನೂ ನಾನೂ ರಾತ್ರಿ ಒಟ್ಟಿಗೆ ಆಡಬೇಕೆಂದರೆ ದೀಪ ಕೀಳಬೇಕು. ದೀಪ ಬೇಕೆಂದರೆ ಕೇಬಲ್ ಕೀಳಬೇಕು. ಅತಿ ಅಗತ್ಯವಾದುದನ್ನು ಬಿಡಿ ಸಾಧನವಾಗಿ ಮಾರಿದರೆ ಒಂದು ಅಗತ್ಯ ಇನ್ನೊಂದರ ಜಾಗವನ್ನು ಕಿತ್ತುಕೊಳ್ಳುತ್ತದೆ ಎಂಬುದು ನನಗೆ ಅಂದೇ ಅರ್ಥವಾಯಿತು.

2003ರ ಫೆಬ್ರುವರಿಯಲ್ಲಿ ಬಂದ ಮಡಚುವ ಮಾದರಿಯಾದ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಯಲ್ಲಿ ಕಂಪನಿ ಪರದೆಗೆ ಮುಂಬದಿಯಿಂದ ಬೆಳಕು ಕೊಟ್ಟಿತು, ಚಾರ್ಜ್ ಮಾಡುವ ಬ್ಯಾಟರಿಯನ್ನೂ ಕೊಟ್ಟಿತು. ಆದರೆ ಹೆಡ್‌ಫೋನ್ ಜಾಕ್ ತೆಗೆದುಹಾಕಿತು! ಹೆಡ್‌ಫೋನ್ ಬೇಕೆಂದರೆ ಚಾರ್ಜರ್ ಸಿಕ್ಕಿಸುವ ಜಾಗಕ್ಕೇ ಬೇರೊಂದು ಅಡಾಪ್ಟರ್ ಹಾಕಬೇಕಾಯಿತು. ಪರದೆಯ ಹಿಂದಿನಿಂದ ಹರಡುವ, ನಿಜಕ್ಕೂ ಕಣ್ಣಿಗೆ ಹಿತವಾದ ಬೆಳಕು ಎಸ್‌ಪಿಗೆ ಬಂದದ್ದು 2005ರಲ್ಲಿ. ಅಷ್ಟರೊಳಗೆ, 2004ರಲ್ಲಿ, ಕಂಪನಿಯೇ ವೈರ್‌ಲೆಸ್ ಅಡಾಪ್ಟರ್ ತಂದು ಪೋಕೆಮಾನ್‌ನ ಎರಡು ಆಟಗಳ ಡಬ್ಬಿಯಲ್ಲೇ ಇಟ್ಟು ಕೊಟ್ಟಿತ್ತು. ಸುಮಾರು ಮೂರು ಮೀಟರ್ ಅಂತರದಲ್ಲಿ ತಂತಿಯಿಲ್ಲದೆ ಕೂಡಿ ಆಡಬಹುದಾಗಿತ್ತು. ಅದು ದೊಡ್ಡ ಹೆಜ್ಜೆಯೇ. ಆದರೆ ಕೇಬಲ್‌ಗಾಗಿ ಬರೆದ ಹಳೆಯ ಆಟಗಳು ಆ ಅಡಾಪ್ಟರನ್ನು ಗುರುತಿಸುತ್ತಲೇ ಇರಲಿಲ್ಲ. 2005ರ ಗೇಮ್ ಬಾಯ್ ಮೈಕ್ರೊದ ಪೋರ್ಟಿನ ಆಕಾರವೇ ಬೇರೆಯಾದ್ದರಿಂದ ಅದಕ್ಕೆ ಮತ್ತೊಂದು ಅಡಾಪ್ಟರ್ ಕೊಳ್ಳಬೇಕಿತ್ತು. 2004ರ ಕೊನೆಗೆ ಬಂದ ನಿಂಟೆಂಡೊ ಡಿಎಸ್ ಮತ್ತು ಸೋನಿಯ ಪಿಎಸ್‌ಪಿಗಳಲ್ಲಿ ವೈರ್‌ಲೆಸ್ ಸಂಪರ್ಕವೂ ಪರದೆಯ ಬೆಳಕೂ ಯಂತ್ರದೊಳಗೇ ಇದ್ದವು. ಇನ್ನು ಈ ಗೋಳು ಮುಗಿಯಿತೆಂದೇ ನಾನು ನಂಬಿದ್ದೆ.

ಅದು ಮುಗಿದಿಲ್ಲ. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಕಂಟ್ರೋಲರ್‌ಗಳೊಡನೆ ಬ್ಲೂಟೂತ್‌ನಲ್ಲೇ ಮಾತಾಡುತ್ತಿದ್ದರೂ ಬ್ಲೂಟೂತ್ ಹೆಡ್‌ಫೋನನ್ನು ಒಪ್ಪಿಕೊಂಡದ್ದು 2021ರ ಸೆಪ್ಟೆಂಬರ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಬಂದ ಮೇಲೆ. ಅಲ್ಲಿಯವರೆಗೆ ನಾಲ್ಕೂವರೆ ವರ್ಷ ಜನರು ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಎಂಬ ಬಿಡಿ ಸಾಧನವನ್ನು ಕೊಳ್ಳುತ್ತಿದ್ದರು. ಆ ಯಂತ್ರದಲ್ಲಿರುವುದು ಅದೊಂದೇ ಯುಎಸ್‌ಬಿ ಪೋರ್ಟ್; ಚಾರ್ಜರ್ ಹಾಕಬೇಕಾದದ್ದೂ ಅಲ್ಲಿಗೇ. ಅಪ್‌ಡೇಟ್ ಬಂದ ಮೇಲೂ, ಪಕ್ಕದಲ್ಲಿ ಕೂತವರ ಸ್ವಿಚ್‌ನೊಡನೆ ನೇರವಾಗಿ ಕೂಡಿ ಆಡಲು ಹೊರಟ ಕೂಡಲೇ ಬ್ಲೂಟೂತ್ ಹೆಡ್‌ಫೋನಿನ ಸಂಪರ್ಕ ಕಡಿದುಹೋಗುತ್ತದೆ. ಅಂದು ಬೆಳಕು ಅಥವಾ ಜೊತೆ ಎಂದು ಆಯ್ದುಕೊಳ್ಳಬೇಕಿತ್ತು, ಇಂದು ಸದ್ದು ಅಥವಾ ಜೊತೆ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ ಸದ್ದು ಚಿತ್ರಕ್ಕಿಂತ ತಡವಾಗಿ ಕೇಳಿಸುತ್ತದೆ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು. ಗುಂಡಿ ಒತ್ತಿದ ಮೇಲೆ ಏಟಿನ ಸದ್ದು ಹಿಂದೆಬಿದ್ದರೆ ತಾಳಕ್ಕೆ ತಕ್ಕಂತೆ ಆಡುವ ಆಟಗಳನ್ನು ಆಡಲು ಸಾಧ್ಯವಿಲ್ಲ.

ಪರದೆಯ ವಿಷಯದಲ್ಲಿ ಈಗ ತೊಂದರೆ ತಿರುವುಮುರುವಾಗಿದೆ: ರಾತ್ರಿ ಚೆನ್ನಾಗಿ ಕಾಣುತ್ತದೆ, ಹಗಲು ಕಾಣುವುದಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಶಿವಮೊಗ್ಗದ ರೈಲಿನಲ್ಲಿ, ಅರಸೀಕೆರೆ ಬಿಟ್ಟ ಮೇಲೆ ಬಿಸಿಲು ನಮ್ಮ ಕಿಟಕಿಯತ್ತ ತಿರುಗಿತು. ಹನ್ನೆರಡು ವರ್ಷದ ನನ್ನ ಮಗನಿಗೆ ಪರದೆಯಲ್ಲಿ ಆಟದ ಬದಲು ತನ್ನ ಮುಖವೂ ಮೇಲಿನ ಬರ್ತಿನ ಸರಪಳಿಯೂ ಕಾಣತೊಡಗಿದವು. ಅವನು ನನ್ನ ಟವೆಲನ್ನು ತಲೆಯ ಮೇಲಿಂದ ಕನ್ಸೋಲಿನವರೆಗೆ ಗುಡಾರದಂತೆ ಹೊದ್ದು, ಬೆವರು ಸುರಿಸುತ್ತಾ ಬೀರೂರಿನವರೆಗೂ ಆಡಿದ. ಬಸ್ಸಿನಲ್ಲಿ ಲಾರಿಯ ದೀಪಕ್ಕೆ ಕಾದು ಕೂತಿದ್ದ ಹುಡುಗನ ನೆನಪಾಗಿ ನನಗೆ ಸಂಕಟವೇ ಆಯಿತು. ಹಗಲಿನಲ್ಲಿ ಓದಲು ಬರುವ ಪರದೆ ಮಾಡಲಾಗದೆಂದಲ್ಲ. 2022ರಲ್ಲಿ ಬಂದ ಪ್ಲೇಡೇಟ್ ಎಂಬ ಪುಟ್ಟ ಕನ್ಸೋಲಿನ ಕಪ್ಪು–ಬಿಳುಪು ಪರದೆ ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟವಾಗುತ್ತದೆ, ಆದರೆ ಅದಕ್ಕೆ ಸ್ವಂತ ಬೆಳಕಿಲ್ಲ. ಸ್ಟೀಮ್ ಡೆಕ್ ಎಂಬ ಕನ್ಸೋಲಿನ ಮೊದಲ ಮಾದರಿಯ ಪರದೆಯ ಪ್ರಕಾಶ 400 ನಿಟ್ (ನಿಟ್ ಎಂದರೆ ಪರದೆಯ ಪ್ರಕಾಶವನ್ನು ಅಳೆಯುವ ಮಾನ). 2023ರ ಒಎಲ್ಇಡಿ ಪರದೆಯ ಮಾದರಿ, ಬೆಳಕು–ಕತ್ತಲೆಯ ಅಂತರ ಹೆಚ್ಚಿರುವ ಎಚ್‌ಡಿಆರ್ ಚಿತ್ರಗಳಲ್ಲಿ ಗರಿಷ್ಠ 1,000 ನಿಟ್ ಮುಟ್ಟುತ್ತದೆ. ನಮ್ಮಲ್ಲಿ ಅಧಿಕೃತವಾಗಿಯೇ ಮಾರಾಟವಾಗುವ ಏಸುಸ್ ಕಂಪನಿಯ ಆರ್‌ಒಜಿ ಅಲೈಯದು 500 ನಿಟ್. ಈ ಕಂಪನಿಗಳು ಅಂಕಿಯನ್ನು ಹೇಳಿಯಾದರೂ ಹೇಳುತ್ತವೆ. ಅಗ್ಗದ ಬೆಲೆಗೆ ಬರುವ ಎಷ್ಟೋ ಯಂತ್ರಗಳ ಡಬ್ಬಿಯ ಮೇಲೆ ಆ ಅಂಕಿಯ ಸುಳಿವೇ ಇರುವುದಿಲ್ಲ.

ಸ್ವಿಚ್ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟವಾಗದೆ ಆಮದುದಾರರ ಮೂಲಕ ಬಂದುದರಿಂದ, ಅದರ ಬಿಡಿ ಸಾಧನಗಳಿಗೆ ಹೊಣೆ ಹೊರುವವರೇ ಇರಲಿಲ್ಲ. ಬೆಂಗಳೂರಿನ ಅಂಗಡಿಯೊಂದರಲ್ಲಿ ನಾನು ಕೊಂಡ ಬ್ಲೂಟೂತ್ ಡಾಂಗಲ್‌ನ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಯಾವುದೂ ಇರಲಿಲ್ಲ. ಹದಿನೈದು ದಿನಕ್ಕೆ ಅದು ಕೆಟ್ಟಿತು. ಬದಲಿಸಿಕೊಡಿ ಎಂದರೆ, ಬಿಲ್ ಇಲ್ಲದ ಮಾಲಿಗೆ ಗ್ಯಾರಂಟಿ ಇಲ್ಲ ಎಂಬ ಉತ್ತರ ಬಂತು. ಪೊಟ್ಟಣ ಕಟ್ಟಿದ ಸರಕಿನ ಮೇಲೆ ಈ ವಿವರಗಳಿರಬೇಕೆಂದು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ಹೇಳುತ್ತವೆ. ಬ್ಲೂಟೂತ್ ನಡೆಯುವ 2.4 ಗಿಗಾಹರ್ಟ್ಸ್ ತರಂಗಗಳನ್ನು ಬಳಸಲು ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲವಾದರೂ ಅಂತಹ ಸಾಧನಕ್ಕೆ ದೂರಸಂಪರ್ಕ ಇಲಾಖೆಯಲ್ಲಿ ವೈರ್‌ಲೆಸ್ ವಿಷಯ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಇಟಿಎ ಎಂಬ ಅನುಮೋದನೆ ಬೇಕು. ನಿಯಮಗಳಿವೆ, ಅಂಗಡಿಗಳಲ್ಲಿ ಅವನ್ನು ತಪಾಸಣೆ ಮಾಡುವವರು ಬೇಕಾಗಿದ್ದಾರೆ. ಪರದೆಯ ಪ್ರಕಾಶವನ್ನು ನಿಟ್‌ಗಳಲ್ಲಿ ನಮೂದಿಸುವುದನ್ನೂ, ಹೆಡ್‌ಫೋನಿಗೆ ಬೇರೆ ಸಾಧನ ಬೇಕೋ ಬೇಡವೋ ಎಂಬುದನ್ನೂ ಡಬ್ಬಿಯ ಮೇಲೆ ಕಡ್ಡಾಯ ಮಾಡುವಂತೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯನ್ನು ಒತ್ತಾಯಿಸುತ್ತೇನೆ.

ತಮ್ಮ ಪತ್ರಿಕೆಯಲ್ಲಿಯೂ ಒಂದು ಕೋರಿಕೆಯಿದೆ. ಮುಂದಿನ ಬಾರಿ ಕನ್ಸೋಲೊಂದರ ವಿಮರ್ಶೆ ಪ್ರಕಟಿಸುವಾಗ ದಯವಿಟ್ಟು ಅದನ್ನು ಮಧ್ಯಾಹ್ನ ಹನ್ನೆರಡು ಗಂಟೆಗೆ ಕಚೇರಿಯ ಹೊರಗೆ ಹಿಡಿದು ನೋಡಿಸಿ. ಚಾರ್ಜರ್, ವೈರ್‌ಲೆಸ್ ಹೆಡ್‌ಫೋನ್ ಮತ್ತು ಎರಡನೆಯ ಆಟಗಾರ ಮೂರೂ ಏಕಕಾಲಕ್ಕೆ ಸಾಧ್ಯವೇ ಎಂದು ಪರೀಕ್ಷಿಸಿ, ಕಂಡದ್ದನ್ನು ಬರೆಯಿರಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಬೆಂಗಳೂರು